ಕಾಫಿ ತೋಟದ ಮಷಿನ್‌ಗಳ ಸರ್ವಿಸ್ ಲೆಕ್ಕ ಫೋನಿನಲ್ಲೇ ಇಡುವುದು ಹೇಗೆ?

ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆಯ ಒಂದು ಮಧ್ಯಮ ಗಾತ್ರದ ತೋಟದಲ್ಲಿ ಈಗ ಹತ್ತಿಪ್ಪತ್ತು ಮಷಿನ್ ಆರಾಮಾಗಿ ಇರುತ್ತವೆ. ಡೀಸೆಲ್ ಪಂಪ್, ಕರೆಂಟ್ ಮೋಟಾರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಜನರೇಟರ್, ಟ್ರ್ಯಾಕ್ಟರ್, ನಾಲ್ಕೈದು ವೀಡ್ ಕಟರ್, ಮದ್ದು ಹೊಡೆಯುವ ಸ್ಪ್ರೇಯರ್, ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯಲು) ಚೈನ್ ಸಾ, ಮೆಣಸು ಬಿಡಿಸುವ ಮಷಿನ್, ಜೊತೆಗೆ ಒಂದು ಹಳೇ ಜೀಪು. ಇವುಗಳಲ್ಲಿ ಯಾವುದಕ್ಕೆ ಆಯಿಲ್ ಬದಲಾಯಿಸಿ ಎಷ್ಟು ದಿನ ಆಯಿತು ಅಂತ ಕೇಳಿ ನೋಡಿ. ರೈಟರು (ತೋಟದ ಲೆಕ್ಕ ಬರೆಯುವವರು) ಮೇಸ್ತ್ರಿ ಮುಖ ನೋಡುತ್ತಾರೆ, ಮೇಸ್ತ್ರಿ ಡ್ರೈವರ್ ಮುಖ ನೋಡುತ್ತಾರೆ.

ಇದಕ್ಕೆ ಅಂತಲೇ ಸಾಫ್ಟ್‌ವೇರ್ ಇದೆ. ಫ್ಯಾಕ್ಟರಿಯವರು ಸಿಎಂಎಂಎಸ್ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಮೂರೇ. ಏನೇನು ಮಷಿನ್ ಇವೆ ಅನ್ನುವ ಪಟ್ಟಿ ಇಡುವುದು, ಯಾವಾಗ ಏನು ಮಾಡಬೇಕು ಅಂತ ನೆನಪಿಸುವುದು, ಮಾಡಿದ್ದನ್ನೂ ಆದ ಖರ್ಚನ್ನೂ ಬರೆದಿಡುವುದು.

ಆದರೆ ಮೊದಲೇ ಹೇಳಿಬಿಡುತ್ತೇನೆ, ಇವತ್ತೇ ಹೋಗಿ ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳಬೇಡಿ. ಆ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ವರ್ಷವಿಡೀ ಒಂದೇ ಸಮ ಓಡುವ ಕಾರ್ಖಾನೆ ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದವು. ನಮ್ಮ ಪಂಪ್ ಒಂಬತ್ತು ತಿಂಗಳು ಶೆಡ್ಡಿನಲ್ಲಿ ಸುಮ್ನೆ ಕೂತಿದ್ದು, ಹೂವಿನ ನೀರು (ಕಾಫಿ ಹೂ ಅರಳಲು ಕೊಡುವ ಸ್ಪ್ರಿಂಕ್ಲರ್ ನೀರು) ಹಾಯಿಸುವ ಟೈಮಿಗೆ ಹಗಲು ರಾತ್ರಿ ಓಡುತ್ತದೆ. "ಪ್ರತಿ ಮೂರು ತಿಂಗಳಿಗೊಮ್ಮೆ ಸರ್ವಿಸ್" ಅಂತ ಹಾಕಿಟ್ಟರೆ ಆಗಸ್ಟಿನಲ್ಲಿ ಬೇಡದೆ ಇರುವಾಗ ನೆನಪಿಸುತ್ತದೆ, ಮಾರ್ಚಿನಲ್ಲಿ ಬೇಕಾದಾಗ ಸುಮ್ಮನಿರುತ್ತದೆ. ಹಾಗಾಗಿ ಒಂದು ಪೂರ್ತಿ ವರ್ಷ, ಅಂದರೆ ಒಂದು ಕೊಯ್ಲಿನಿಂದ ಇನ್ನೊಂದು ಕೊಯ್ಲಿನ ತನಕ, ಗೂಗಲ್ ಶೀಟ್ಸ್‌ನಲ್ಲೇ ನಡೆಸಿ. ನಿಮ್ಮ ತೋಟಕ್ಕೆ ಏನು ಬೇಕು ಅಂತ ಆಮೇಲೆ ನಿಮಗೇ ಗೊತ್ತಾಗುತ್ತದೆ.

1. ಮೊದಲು ಮಷಿನ್‌ಗಳಿಗೆ ನಂಬರ್ ಹಾಕಿ

ಶೆಡ್, ಪಲ್ಪಿಂಗ್ ಹೌಸ್, ಕೆರೆ ದಂಡೆ ಎಲ್ಲ ಕಡೆ ಒಂದು ಸುತ್ತು ಹೋಗಿ ಬನ್ನಿ. ಪ್ರತಿ ಮಷಿನ್‌ಗೂ ಒಂದು ನಂಬರ್ ಕೊಡಿ: ಪಂಪ್ 1, ಪಂಪ್ 2, ಕಟರ್ 1, ಕಟರ್ 2, ಹೀಗೆ. "ಹಳೇ ಪಂಪು", "ಕೆಳಗಿನ ಕೆರೆ ಪಂಪು" ಅನ್ನುವ ಹೆಸರು ಬಾಯಿಗೆ ಸರಿ, ಲೆಕ್ಕಕ್ಕೆ ಆಗುವುದಿಲ್ಲ. ಹೊಸ ಪಂಪ್ ಬಂದ ದಿನ ಹಳೇದು ಯಾವುದು ಅಂತ ಗಲಾಟೆ ಶುರುವಾಗುತ್ತದೆ.

ನಂಬರನ್ನು ಎನಾಮೆಲ್ ಪೇಂಟಿನಲ್ಲಿ ಮಷಿನ್ ಮೇಲೇ ಬರೆಸಿ. ಕ್ಯೂಆರ್ ಕೋಡ್ ಸ್ಟಿಕ್ಕರ್ ಅಂಟಿಸಿ ಅಂತ ಸಾಫ್ಟ್‌ವೇರ್ ಮಾರುವವರು ಹೇಳುತ್ತಾರೆ. ಮಲೆನಾಡಿನ ಜೂನ್, ಜುಲೈ ತೇವಕ್ಕೆ, ಡೀಸೆಲ್ ಜಿಡ್ಡಿಗೆ ಸಾಮಾನ್ಯ ಕಾಗದದ ಸ್ಟಿಕ್ಕರ್ ಎಷ್ಟು ದಿನ ನಿಲ್ಲುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಆಮೇಲೆ ಪ್ರತಿ ಮಷಿನ್‌ನ ನೇಮ್ ಪ್ಲೇಟಿನ ಫೋಟೋ ತೆಗೆಯಿರಿ. ಮಾಡೆಲ್, ಸೀರಿಯಲ್ ನಂಬರ್, ಹೆಚ್‌ಪಿ ಎಲ್ಲ ಅದರಲ್ಲಿ ಇರುತ್ತದೆ. ತುಕ್ಕು ಹಿಡಿದು ಓದಲು ಆಗದೆ ಹೋಗುವ ಮೊದಲೇ ತೆಗೆದುಬಿಡಿ. ಹಾಗೇ ಬೆಲ್ಟಿನ ಮೇಲಿನ ನಂಬರ್, ಆಯಿಲ್ ಫಿಲ್ಟರ್ ನಂಬರ್, ಕಟರ್‌ಗಳ ಸ್ಪಾರ್ಕ್ ಪ್ಲಗ್ ನಂಬರ್ ಕೂಡ. ಬೇರಿಂಗ್ ಬಿಚ್ಚಿದಾಗ ಅದರ ಅಂಚಿನಲ್ಲಿ 6205 ತರಹದ ನಂಬರ್ ಕೊರೆದಿರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಮುಂದಿನ ಸಲ ಹಳೇ ಬೇರಿಂಗ್ ಚೀಲದಲ್ಲಿ ಹಾಕಿಕೊಂಡು ಅಂಗಡಿ ಅಂಗಡಿ ತಿರುಗುವುದು ತಪ್ಪುತ್ತದೆ.

2. ದಿನವಲ್ಲ, ಗಂಟೆ ಎಣಿಸಿ. ಮೀಟರ್ ಇಲ್ಲದಿದ್ದರೆ ಡೀಸೆಲ್ ಎಣಿಸಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ತಗೊಳ್ಳುವುದಾದರೆ ಇದನ್ನು ತಗೊಳ್ಳಿ.

ಇಂಜಿನ್ ಸವೆಯುವುದು ಓಡಿದ ಗಂಟೆಗೆ. ಅದಕ್ಕೇ ಟ್ರ್ಯಾಕ್ಟರ್ ಮೀಟರಿನಲ್ಲಿ ಗಂಟೆ ತೋರಿಸುತ್ತದೆ, ಕಂಪನಿ ಪುಸ್ತಕದಲ್ಲೂ ಸರ್ವಿಸನ್ನು ಗಂಟೆಯಲ್ಲೇ ಬರೆದಿರುತ್ತಾರೆ. ಹೊಸದಕ್ಕೆ ಮೊದಲ ಸರ್ವಿಸ್ 50 ಗಂಟೆಗೆ, ಆಮೇಲೆ 250 ಗಂಟೆಗೊಮ್ಮೆ ಆಯಿಲ್ ಅನ್ನುವುದು ಬಹಳ ಟ್ರ್ಯಾಕ್ಟರ್‌ಗಳಲ್ಲಿ ಕಾಣುವ ಲೆಕ್ಕ. ನಿಮ್ಮ ಮಾಡೆಲ್ಲಿಗೆ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಹಿಡಿಯಿರಿ.

ತೊಂದರೆ ಏನೆಂದರೆ ಡೀಸೆಲ್ ಪಂಪಿಗೂ ಹಳೇ ಜನರೇಟರಿಗೂ ಬಹಳ ಸಲ ಮೀಟರ್ ಇರುವುದಿಲ್ಲ. ಶುರು ಮಾಡಿದ ಟೈಮು, ನಿಲ್ಲಿಸಿದ ಟೈಮು ಬರೆದಿಡು ಅಂತ ಪಂಪ್ ನೋಡುವವನಿಗೆ ಹೇಳಿದರೆ ಎರಡು ದಿನ ಬರೆಯುತ್ತಾನೆ, ಮೂರನೇ ದಿನ ರಾತ್ರಿ ಎರಡು ಗಂಟೆಗೆ ಪೈಪ್ ಬದಲಾಯಿಸುವ ಗಡಿಬಿಡಿಯಲ್ಲಿ ಬಿಟ್ಟುಬಿಡುತ್ತಾನೆ, ಅದರಲ್ಲಿ ಅವನದೇನೂ ತಪ್ಪಿಲ್ಲ. ಆದರೆ ಡೀಸೆಲ್ ಲೆಕ್ಕ ಎಲ್ಲ ತೋಟದಲ್ಲೂ ಇರುತ್ತದೆ, ಅಲ್ವಾ? ದುಡ್ಡಿನ ವಿಷಯ, ಹಾಗಾಗಿ ಅದನ್ನು ಯಾರೂ ಬಿಡುವುದಿಲ್ಲ. ಅದನ್ನೇ ಮೀಟರ್ ಮಾಡಿಕೊಳ್ಳಿ.

ಹೇಗೆ ಅಂದರೆ, ಟ್ಯಾಂಕ್ ಅಂಚಿನವರೆಗೆ ತುಂಬಿಸಿ. ಸ್ಪ್ರಿಂಕ್ಲರ್ ಹಾಕಿ, ಮಾಮೂಲಿ ಲೋಡಿನಲ್ಲಿ ಸರಿಯಾಗಿ ಎರಡು ಗಂಟೆ ಓಡಿಸಿ. ನಿಲ್ಲಿಸಿ, ಅಳತೆ ಕ್ಯಾನಿನಲ್ಲಿ ಮತ್ತೆ ಅಂಚಿನವರೆಗೆ ತುಂಬಿಸಿ. ಹಿಡಿಸಿದ್ದು 2.4 ಲೀಟರ್ ಅಂತಿಟ್ಟುಕೊಳ್ಳಿ, ಆಗ ಗಂಟೆಗೆ 1.2 ಲೀಟರ್. ಪುಸ್ತಕದಲ್ಲಿ 100 ಗಂಟೆಗೆ ಆಯಿಲ್ ಬದಲಾಯಿಸಿ ಅಂತ ಇದ್ದರೆ ನಿಮ್ಮ ಲೆಕ್ಕಕ್ಕೆ ಅದು 120 ಲೀಟರ್ ಡೀಸೆಲ್. ಹತ್ತಿಪ್ಪತ್ತು ಲೀಟರ್ ಆಚೀಚೆ ಆದರೂ ಪರವಾಗಿಲ್ಲ, ಏನೂ ಲೆಕ್ಕ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ವರ್ಷಕ್ಕೊಮ್ಮೆ ಮತ್ತೆ ಅಳೆಯಿರಿ. ಅದೇ ಲೋಡಿಗೆ ಡೀಸೆಲ್ ಜಾಸ್ತಿ ಕುಡಿಯುತ್ತಿದ್ದರೆ ಇಂಜೆಕ್ಟರೋ ಏರ್ ಕ್ಲೀನರೋ ಏನೋ ಕೇಳುತ್ತಿದೆ ಅಂತ ಅರ್ಥ.

ವೀಡ್ ಕಟರ್, ಚೈನ್ ಸಾಗಳಿಗೆ ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಸಣ್ಣ ಅವರ್ ಮೀಟರ್ ಸಿಗುತ್ತದೆ. ಬೇಕಿದ್ದರೆ ಹಾಕಿಸಿ. ಇಲ್ಲದಿದ್ದರೆ ಅವುಗಳಿಗೂ ಪೆಟ್ರೋಲ್ ಲೀಟರೇ ಸಾಕು.

ಒಂದು ಎಚ್ಚರ. ಗಂಟೆ ಆಗಿಲ್ಲ ಅಂತ ಆಯಿಲ್ಲನ್ನು ವರ್ಷಗಟ್ಟಲೆ ಬಿಡಬೇಡಿ. ಓಡಿಸದೆ ಇಟ್ಟರೂ ಆಯಿಲ್ ಹಳೇದಾಗುತ್ತದೆ, ತೇವ ಸೇರುತ್ತದೆ. "ಇಷ್ಟು ಲೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು" ಅಂತ ಇಟ್ಟುಕೊಳ್ಳಿ.

3. ಯಾವ ಮಷಿನ್‌ಗೆ ಏನು ಕೆಲಸ

ಕಂಪನಿ ಪುಸ್ತಕ ಇದ್ದರೆ ಅದರಿಂದ ತಗೊಳ್ಳಿ, ಕಳೆದು ಹೋಗಿದ್ದರೆ ಮಾಡೆಲ್ ನಂಬರ್ ಹಾಕಿ ಹುಡುಕಿ, ಎಷ್ಟೋ ಕಂಪನಿಗಳ ಪುಸ್ತಕ ಪಿಡಿಎಫ್ ಆಗಿ ಸಿಗುತ್ತದೆ. ಎಲ್ಲವನ್ನೂ ಬರೆಯಲು ಹೋಗಬೇಡಿ. ಒಂದು ಮಷಿನ್‌ಗೆ ನಾಲ್ಕೈದು ಸಾಲು ಸಾಕು. ಪುಸ್ತಕದಲ್ಲಿ ಇರದ, ನಮ್ಮ ಕಡೆಗೆ ಮುಖ್ಯವಾದ ಕೆಲವು ಹೇಳುತ್ತೇನೆ.

ಪಲ್ಪರ್‌ಗೆ ದಿನದ ಕೆಲಸ ಬೇರೆ, ಸೀಸನ್ ಕೆಲಸ ಬೇರೆ. ಕೊಯ್ಲಿನ ಟೈಮಿನಲ್ಲಿ ಪ್ರತಿ ದಿನ ಕೆಲಸ ಮುಗಿದ ಮೇಲೆ ಪೂರ್ತಿ ತೊಳೆಯಬೇಕು. ಮೂಲೆಯಲ್ಲಿ ಉಳಿದ ಹಣ್ಣು, ಸಿಪ್ಪೆ ರಾತ್ರಿ ಹುಳಿ ಬಂದರೆ ನಾಳೆಯ ಒಳ್ಳೇ ಲಾಟಿಗೂ ವಾಸನೆ ಹತ್ತುತ್ತದೆ. ಡಿಸ್ಕಿನ ಸಂದು ಬಿಗಿಯಾದರೆ ಬೀಜ ಕಚ್ಚಿ ಬರುತ್ತದೆ, ಸಡಿಲಾದರೆ ಹಣ್ಣು ಹಾಗೇ ಹೊರಗೆ ಬೀಳುತ್ತದೆ. ಹಾಗಾಗಿ "ಒಂದು ಹಿಡಿ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿದ ಬೀಜ) ತಗೊಂಡು ಕಚ್ಚಿದ ಬೀಜ ನೋಡು" ಅನ್ನುವುದನ್ನೂ ಒಂದು ಕೆಲಸ ಅಂತಲೇ ಪಟ್ಟಿಗೆ ಹಾಕಿ. ಅರೇಬಿಕಾ ಮುಗಿದು ರೊಬಸ್ಟಾ ಶುರುವಾಗುವಾಗ ಹಣ್ಣಿನ ಗಾತ್ರ ಬದಲಾಗುತ್ತದೆ, ಆ ದಿನ ಸಂದು ನೋಡಲೇಬೇಕು. ಸೀಸನ್ ಮುಗಿದ ಮೇಲೆ ತೊಳೆದು, ಒಣಗಿಸಿ, ಬೇರಿಂಗಿಗೆ ಗ್ರೀಸ್ ಹಾಕಿ, ಬೆಲ್ಟ್ ಸಡಿಲ ಮಾಡಿ ಇಡಿ. ಬಿಗಿಯಾದ ಬೆಲ್ಟನ್ನು ಎಂಟು ತಿಂಗಳು ಹಾಗೇ ಬಿಟ್ಟರೆ ಅದು ಪುಲ್ಲಿಯ ಆಕಾರಕ್ಕೇ ನಿಂತುಬಿಡುತ್ತದೆ.

ಸ್ಪ್ರೇಯರ್‌ನಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಮದ್ದು) ಹೊಡೆದಿದ್ದರೆ ಅದೇ ದಿನ ಒಳ್ಳೇ ನೀರು ಓಡಿಸಿ ತೊಳೆಯಬೇಕು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಸುಣ್ಣ ವಾಲ್ವಿನಲ್ಲಿ, ನಾಜಲ್‌ನಲ್ಲಿ ಕೂರುತ್ತದೆ. "ನಾಳೆ ಹೇಗಿದ್ದರೂ ಮತ್ತೆ ಹೊಡೆಯಲಿಕ್ಕಿದೆ" ಅಂತ ಬಿಟ್ಟು ಹೋದ ರಾತ್ರಿಯೇ ಮಳೆ ಹಿಡಿದು ಒಂದು ವಾರ ಬಿಡದೆ ಇದ್ದರೆ ಮಷಿನ್ ಕಥೆ ಮುಗಿಯಿತು.

ಕಟರ್‌ಗಳಿಗೆ ಪಟ್ಟಿಯಲ್ಲಿ "ಪೆಟ್ರೋಲ್" ಅಂತ ಬೇರೆ ಕಾಲಂ ಹಾಕಿ. ಒಂದು 2 ಸ್ಟ್ರೋಕ್ ಇರುತ್ತದೆ, ಇನ್ನೊಂದು 4 ಸ್ಟ್ರೋಕ್ ಇರುತ್ತದೆ, ಎರಡಕ್ಕೂ ಒಂದೇ ಕ್ಯಾನಿನಿಂದ ಸುರಿದರೆ ಕೆಲಸ ಕೆಟ್ಟಿತು. 2 ಸ್ಟ್ರೋಕಿನಲ್ಲೂ 50ಕ್ಕೆ 1 ಅಂದರೆ ಲೀಟರಿಗೆ 20 ಮಿ.ಲೀ. ಆಯಿಲ್, 40ಕ್ಕೆ 1 ಅಂದರೆ 25 ಮಿ.ಲೀ. ಇದನ್ನು ಶೀಟಿನಲ್ಲೂ ಬರೆಯಿರಿ, ಕ್ಯಾನಿನ ಮೇಲೂ ಬರೆಯಿರಿ. ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವ ಎಳೆದುಕೊಳ್ಳುತ್ತದೆ, ನಮ್ಮಲ್ಲಿ ತೇವಕ್ಕೆ ಬರ ಇಲ್ಲ.

ಜನರೇಟರ್ ವಾರಕ್ಕೊಮ್ಮೆ ಹತ್ತು ಹದಿನೈದು ನಿಮಿಷ, ಲೋಡ್ ಹಾಕಿ ಓಡಿಸುವುದು. ಟ್ರ್ಯಾಕ್ಟರ್, ಜೀಪಿಗೆ ಪುಸ್ತಕದಲ್ಲಿ ಇದ್ದ ಹಾಗೆ. ಜೊತೆಗೆ ಇನ್ಶೂರೆನ್ಸ್, ಹೊಗೆ ತಪಾಸಣೆ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ತಾರೀಖುಗಳನ್ನೂ ಇದೇ ಶೀಟಿಗೆ ಸೇರಿಸಿ.

4. ಸೀಸನ್‌ನಿಂದ ಹಿಂದಕ್ಕೆ ಎಣಿಸಿ

ಎರಡು ತರಹದ ಕೆಲಸಗಳಿವೆ. ಒಂದು, ಮಾಡಿದ ದಿನದಿಂದ ಮುಂದಕ್ಕೆ ಲೆಕ್ಕ ಹಿಡಿಯುವುದು. ಆಯಿಲ್ ಒಂದು ತಿಂಗಳು ತಡವಾಗಿ ಬದಲಾಯಿಸಿದರೆ ಮುಂದಿನದೂ ಅಷ್ಟೇ ಮುಂದೆ ಹೋಗುತ್ತದೆ. ಇನ್ನೊಂದು, ಏನೇ ಆದರೂ ಆ ತಾರೀಖಿಗೆ ಆಗಲೇಬೇಕಾದದ್ದು. ಸೀಸನ್ ಮುಂಚಿನ ಚೆಕ್ ಎಲ್ಲ ಈ ಎರಡನೇ ಜಾತಿ. ಮುಂದೆ ಸಾಫ್ಟ್‌ವೇರ್ ತಗೊಂಡರೆ ಅದರಲ್ಲಿ ಫ್ಲೋಟಿಂಗ್, ಫಿಕ್ಸ್‌ಡ್ ಅಂತ ಎರಡು ಆಯ್ಕೆ ಕಾಣುತ್ತವೆ, ಅವು ಇವೇ.

ಅರೇಬಿಕಾ ಹಣ್ಣು ನವೆಂಬರ್ ಹೊತ್ತಿಗೆ ಶುರು. ಹಾಗಾದರೆ ಪಲ್ಪರ್‌ಗೆ ನೀರು ಬಿಟ್ಟು ಟ್ರಯಲ್ ನೋಡುವುದು ಅಕ್ಟೋಬರ್ ಮೊದಲ ವಾರ. ಹೂವಿನ ನೀರು ಫೆಬ್ರವರಿ, ಮಾರ್ಚಿನಲ್ಲಿ. ಹಾಗಾದರೆ ಪಂಪ್ ಚೆಕ್ ಜನವರಿ ಶುರುವಿನಲ್ಲಿ: ಫುಟ್ ವಾಲ್ವ್ (ನೀರಿನಲ್ಲಿ ಮುಳುಗಿರುವ ಪೈಪಿನ ತುದಿಯ ವಾಲ್ವ್), ಗ್ಲ್ಯಾಂಡ್ ದಾರ (ಪಂಪಿನ ಶಾಫ್ಟ್ ಸುತ್ತ ನೀರು ಸೋರದ ಹಾಗೆ ತುಂಬುವ ದಾರ), ಪೈಪ್ ಜಾಯಿಂಟಿನ ರಬ್ಬರ್ ರಿಂಗ್, ಸ್ಪ್ರಿಂಕ್ಲರ್ ನಾಜಲ್. ಕೊಯ್ಲಿನ ಗಡಿಬಿಡಿಯಲ್ಲಿ ಜನವರಿಯಲ್ಲಿ ಯಾರಿಗೂ ಪಂಪ್ ನೆನಪಾಗುವುದಿಲ್ಲ, ಶೀಟ್ ಬೇಕಾಗುವುದು ಅಲ್ಲೇ. ಮಳೆಗಾಲದ ಮುಂಚಿನ ಬೋರ್ಡೋಗೆ ಸ್ಪ್ರೇಯರ್ ಏಪ್ರಿಲ್ ಒಳಗೆ ರೆಡಿ. ಜೂನಿನಿಂದ ಕರೆಂಟು ನಂಬುವ ಹಾಗಿಲ್ಲ, ಜನರೇಟರ್ ಮೇ ಮಧ್ಯದೊಳಗೆ.

ಒಂದು ತಿಂಗಳು ಮುಂಚೆ ಯಾಕೆ ಅಂದರೆ, ಸೀಸನ್ ಶುರುವಾದ ಮೇಲೆ ಸುತ್ತಮುತ್ತಲಿನ ಎಲ್ಲ ತೋಟದ ಪಂಪೂ ಒಂದೇ ವಾರದಲ್ಲಿ ಕೆಡುತ್ತವೆ, ಮೆಕ್ಯಾನಿಕ್ ಫೋನ್ ಎತ್ತುವುದಿಲ್ಲ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಮೂವತ್ತು ಕಿ.ಮೀ., ಸಕಲೇಶಪುರದಿಂದ ಹಾಸನಕ್ಕೆ ನಲವತ್ತು ಕಿ.ಮೀ. ಹತ್ತಿರ. ಅಷ್ಟು ದೂರ ಹೋದರೂ ಪಾರ್ಟ್ ಸಿಗದೆ ಬೆಂಗಳೂರಿನಿಂದ ತರಿಸಬೇಕಾಗಿ ಬಂದರೆ, ಹೂವು ನಿಮಗಾಗಿ ಕಾಯುವುದಿಲ್ಲ.

ಈ ಫಿಕ್ಸ್‌ಡ್ ತಾರೀಖುಗಳನ್ನು ಗೂಗಲ್ ಕ್ಯಾಲೆಂಡರ್‌ನಲ್ಲಿ "ಪ್ರತಿ ವರ್ಷ" ಅಂತ ಹಾಕಿ, ರೈಟರ ಫೋನಿಗೂ ಹಂಚಿಕೊಳ್ಳಿ.

5. ಶೀಟ್ ಮಾಡುವುದು

ಒಂದು ಶೀಟ್, ಅದರಲ್ಲಿ ಮೂರು ಟ್ಯಾಬ್: ಮಷಿನ್, ಕೆಲಸ, ದಾಖಲೆ.

"ಮಷಿನ್" ಟ್ಯಾಬಿನಲ್ಲಿ ಮೊದಲ ಹೆಜ್ಜೆಯ ಪಟ್ಟಿ. "ದಾಖಲೆ" ಟ್ಯಾಬಿನಲ್ಲಿ ದಿನಾಂಕ, ಮಷಿನ್ ನಂಬರ್, ಏನು ಮಾಡಿದ್ದು, ಹಾಕಿದ ಡೀಸೆಲ್ ಲೀಟರ್, ಖರ್ಚು, ಮಾಡಿದವರು. ಡೀಸೆಲ್ ಹಾಕಿದ್ದೂ ಇಲ್ಲೇ, ಸರ್ವಿಸ್ ಮಾಡಿದ್ದೂ ಇಲ್ಲೇ, ರಿಪೇರಿಯೂ ಇಲ್ಲೇ. ಬೇರೆ ಬೇರೆ ಕಡೆ ಬರೆಯುವ ವ್ಯವಸ್ಥೆ ಮಾಡಿದರೆ ಯಾವುದೂ ಪೂರ್ತಿ ಇರುವುದಿಲ್ಲ. ಯಾರು ಕೆಡಿಸಿದರು ಅನ್ನುವ ಕಾಲಂ ಮಾತ್ರ ದಯವಿಟ್ಟು ಬೇಡ. ಬೆಂಗಳೂರಿನಲ್ಲಿ ಕೂತ ಮಾಲೀಕರು ಶೀಟ್ ನೋಡಿ ಬೈಯಲು ಶುರು ಮಾಡಿದ ದಿನದಿಂದ ಯಾವ ಮಷಿನ್ನೂ "ಕೆಡುವುದಿಲ್ಲ", ಅಂದರೆ ಕೆಟ್ಟದ್ದು ಶೀಟಿಗೆ ಬರುವುದಿಲ್ಲ.

"ಕೆಲಸ" ಟ್ಯಾಬಿನಲ್ಲಿ ಪ್ರತಿ ಸಾಲಿಗೆ ಒಂದು ಕೆಲಸ: ಪಂಪ್ 1, ಆಯಿಲ್ ಬದಲು, 365 ದಿನ, 120 ಲೀಟರ್. ಮುಂದಿನ ಕಾಲಂಗಳು ತಾವಾಗೇ ತುಂಬಬೇಕು. ಕಡೆಯ ಸಲ ಮಾಡಿದ ದಿನಾಂಕಕ್ಕೆ ಮ್ಯಾಕ್ಸ್‌ಇಫ್ಸ್ ಫಾರ್ಮುಲಾ ಹಾಕಿ, ಅದು ದಾಖಲೆ ಟ್ಯಾಬಿನಲ್ಲಿ ಅದೇ ಮಷಿನ್, ಅದೇ ಕೆಲಸದ ಕೊನೆಯ ದಿನಾಂಕ ಹುಡುಕಿ ತರುತ್ತದೆ. ಆ ದಿನಾಂಕದ ಆಮೇಲೆ ಆ ಮಷಿನ್‌ಗೆ ಒಟ್ಟು ಎಷ್ಟು ಡೀಸೆಲ್ ಹೋಗಿದೆ ಅಂತ ಸಮ್‌ಇಫ್ಸ್ ಕೂಡಿ ಕೊಡುತ್ತದೆ. ಬಾಕಿ ದಿನ, ಬಾಕಿ ಲೀಟರ್ ಕಳೆದು ತೆಗೆಯಿರಿ. ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಬಾಕಿ 15 ದಿನಕ್ಕಿಂತ ಅಥವಾ 20 ಲೀಟರ್‌ಗಿಂತ ಕಡಿಮೆ ಆದರೆ ಹಳದಿ, ಸೊನ್ನೆಗಿಂತ ಕೆಳಗೆ ಹೋದರೆ ಕೆಂಪು. ಫಾರ್ಮುಲಾ ಕಷ್ಟ ಅನ್ನಿಸಿದರೆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಒಂದು ಭಾನುವಾರದ ಕೆಲಸ ಅಷ್ಟೇ.

ಎರಡು ಕಡೆ ಎಲ್ಲರೂ ಎಡವುತ್ತಾರೆ. ಒಂದು, ದಿನಾಂಕ. ಶೀಟಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ (ಯಾವ ದೇಶ ಅನ್ನುವುದು) ಅಮೆರಿಕ ಅಂತ ಇದ್ದರೆ 5/6 ಅಂತ ಬರೆದದ್ದು ಜೂನ್ 5 ಆಗುವುದಿಲ್ಲ, ಮೇ 6 ಆಗುತ್ತದೆ. ಮೊದಲೇ ಇಂಡಿಯಾ ಅಂತ ಬದಲಾಯಿಸಿ. ಎರಡು, ಹೆಸರು. ಒಬ್ಬರು "ಪಂಪ್ 1" ಅಂತ, ಇನ್ನೊಬ್ಬರು "ಪಂಪು-1" ಅಂತ ಬರೆದರೆ ಶೀಟಿಗೆ ಅವು ಎರಡು ಮಷಿನ್. ಡೇಟಾ ವ್ಯಾಲಿಡೇಶನ್ ಹಾಕಿ ಡ್ರಾಪ್‌ಡೌನ್ ಕೊಡಿ, ಮಷಿನ್ ನಂಬರಿಗೂ ಕೆಲಸದ ಹೆಸರಿಗೂ.

ನೆಟ್‌ವರ್ಕ್ ಬಗ್ಗೆ: ಶೀಟ್ಸ್ ಆಪ್‌ನಲ್ಲಿ ಆ ಫೈಲನ್ನು ಆಫ್‌ಲೈನ್ ಮಾಡಿಟ್ಟರೆ ಸಿಗ್ನಲ್ ಇಲ್ಲದ ಕಡೆಯೂ ಬರೆಯಬಹುದು, ಸಿಗ್ನಲ್ ಬಂದಾಗ ಸೇರಿಕೊಳ್ಳುತ್ತದೆ. ಗೂಗಲ್ ಫಾರ್ಮ್ ನೋಡಲು ಚಂದ, ಆದರೆ ಅದಕ್ಕೆ ನೆಟ್‌ವರ್ಕ್ ಬೇಕೇ ಬೇಕು. ಕೆರೆ ದಂಡೆಯಲ್ಲಿ ಅದನ್ನು ನಂಬಬೇಡಿ.

6. ಬರೆಯುವವರು ಯಾರು

ಒಬ್ಬರೇ. ರೈಟರು ಅಥವಾ ನೀವು. ಪಂಪ್ ನೋಡುವವರು, ಡ್ರೈವರ್, ಕಟರ್ ಹಿಡಿಯುವವರು ಇವರಿಗೆಲ್ಲ ಆಪ್ ಹಾಕಿಸಿ ಟ್ರೈನಿಂಗ್ ಕೊಡುವ ಆಸೆ ಬಿಡಿ. ಅವರಿಗೆ ವಾಟ್ಸಾಪ್ ಬರುತ್ತದೆ, ಅದು ಸಾಕು. ಮಷಿನ್‌ಗಳಿಗೆ ಅಂತಲೇ ಒಂದು ಗ್ರೂಪ್ ಮಾಡಿ, ಮೇಲೆ ಪೇಂಟ್ ಮಾಡಿದ ನಂಬರ್ ಕಾಣುವ ಹಾಗೆ ಒಂದು ಫೋಟೋ ಮತ್ತು ಒಂದು ವಾಯ್ಸ್ ಮೆಸೇಜ್. "ಕಟರ್ 3, ಪ್ಲಗ್ ಚೇಂಜ್ ಮಾಡ್ದೆ ಸಾರ್" ಅಂದರೆ ಮುಗಿಯಿತು. ಹಾಜರಿ ಬರೆಯುವ ಹೊತ್ತಿಗೆ ರೈಟರು ಆ ಗ್ರೂಪ್ ನೋಡಿ ಶೀಟಿಗೆ ಹತ್ತಿಸಲಿ. ಕನ್ನಡದಲ್ಲಿ ಟೈಪ್ ಮಾಡಲು ಬೇಜಾರಾದರೆ ಗೂಗಲ್‌ನ ಜಿಬೋರ್ಡ್ ಕೀಬೋರ್ಡಿನಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಗುಡ್ ಮಾರ್ನಿಂಗ್ ಚಿತ್ರಗಳನ್ನು ಆ ಗ್ರೂಪಿನಲ್ಲಿ ನಿಷೇಧಿಸಿ.

7. ಸ್ಪೇರ್

ಇದಕ್ಕೆ ನಾಲ್ಕನೇ ಟ್ಯಾಬ್. ಬೆಲ್ಟ್, ಫಿಲ್ಟರ್, ಸ್ಪಾರ್ಕ್ ಪ್ಲಗ್, ರಬ್ಬರ್ ರಿಂಗ್, ಗ್ಲ್ಯಾಂಡ್ ದಾರ, ನೈಲಾನ್ ದಾರ. ಪಕ್ಕದಲ್ಲಿ ಸ್ಟೋರಿನಲ್ಲಿ ಎಷ್ಟಿದೆ, ಕಡೇ ಪಕ್ಷ ಎಷ್ಟಿರಬೇಕು. ದುಬಾರಿ ಪಾರ್ಟ್ ತಂದು ಇಡುವುದು ಬೇಡ, ಸಣ್ಣ ಬೆಲೆಯ, ಆದರೆ ಇಲ್ಲದಿದ್ದರೆ ಕೆಲಸ ನಿಲ್ಲಿಸುವ ಸಾಮಾನು ಮಾತ್ರ.

8. ದೊಡ್ಡ ಸಾಫ್ಟ್‌ವೇರ್ ಯಾವಾಗ

ಒಂದೇ ತೋಟ, ಒಬ್ಬ ರೈಟರು, ಇಪ್ಪತ್ತು ಮೂವತ್ತು ಮಷಿನ್ ಅಂದರೆ ಶೀಟೇ ಸಾಕು, ನನಗಂತೂ ಅದರಲ್ಲಿ ಅನುಮಾನ ಇಲ್ಲ. ಎರಡು ಮೂರು ತೋಟ ಇದ್ದು ಮಷಿನ್ ಅತ್ತಿಂದಿತ್ತ ಓಡಾಡುತ್ತಿದ್ದರೆ, ಅಥವಾ ಹಲ್ಲರ್, ಗ್ರೇಡರ್, ಎಲಿವೇಟರ್ ಎಲ್ಲ ಇರುವ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಹೊಟ್ಟು ತೆಗೆದು ವಿಂಗಡಿಸುವ ಕಾರ್ಖಾನೆ) ನಡೆಸುತ್ತಿದ್ದರೆ ಬೇರೆ ಮಾತು.

ಇಆರ್‌ಪಿನೆಕ್ಸ್ಟ್ ಮುಂಬೈಯ ಕಂಪನಿಯೊಂದು ಮಾಡಿದ್ದು, ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಅದರಲ್ಲಿ ಮಷಿನ್ ಪಟ್ಟಿ, ಸರ್ವಿಸ್ ವೇಳಾಪಟ್ಟಿ, ರಿಪೇರಿ ದಾಖಲೆ ಎಲ್ಲ ಇದೆ, ಲೆಕ್ಕಪತ್ರ, ಸ್ಟೋರ್ ಕೂಡ ಜೊತೆಗೆ ಸೇರಿಕೊಳ್ಳುತ್ತದೆ. ಆದರೆ ಸರ್ವರ್ ನೋಡಿಕೊಳ್ಳುವವರು ಬೇಕು. ಅಟ್ಲಾಸ್ ಸಿಎಂಎಂಎಸ್ ಕೂಡ ಓಪನ್ ಸೋರ್ಸ್, ಮೇಂಟೆನೆನ್ಸ್ ಒಂದಕ್ಕೇ ಮಾಡಿದ್ದು. ಮೇಂಟೇನ್‌ಎಕ್ಸ್, ಅಪ್‌ಕೀಪ್, ಲಿಂಬಲ್ ಅನ್ನುವವು ದುಡ್ಡು ಕೊಟ್ಟು ಬಳಸುವ ವಿದೇಶಿ ಸೇವೆಗಳು. ಒಬ್ಬೊಬ್ಬ ಬಳಕೆದಾರನಿಗೆ ತಿಂಗಳಿಗೆ ಇಷ್ಟು ಅಂತ ಬೆಲೆ ಕಟ್ಟುವುದು ಈ ಸೇವೆಗಳಲ್ಲಿ ಮಾಮೂಲು. ವರ್ಷಕ್ಕೆ, ನಿಮ್ಮ ಎಲ್ಲ ಜನಕ್ಕೆ ಎಷ್ಟಾಗುತ್ತದೆ ಅಂತ ಗುಣಿಸಿ ನೋಡಿ ಆಮೇಲೆ ಮಾತಾಡಿ.

ಯಾವುದೇ ಆಗಲಿ, ಡೆಮೊ ಕೊಡುವವರ ಮುಂದೆಯೇ ಇಷ್ಟು ಮಾಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಒಂದು ಕೆಲಸ ಮುಗಿಸಿ ನೋಡಿ. ಸರ್ವಿಸನ್ನು ಗಂಟೆ ಅಥವಾ ಲೀಟರ್ ಲೆಕ್ಕದಲ್ಲಿ ಹಾಕಲು ಬರುತ್ತದಾ, "ಯಾವುದು ಮೊದಲೋ ಅದು" ಅಂತ ಕೊಡಬಹುದಾ ಕೇಳಿ. ಒಂದು ಮಷಿನ್ನನ್ನು ನಾಲ್ಕು ತಿಂಗಳು ನಿಲ್ಲಿಸಿದರೆ ರಿಮೈಂಡರ್ ಕೂಡ ನಿಲ್ಲುತ್ತದಾ ಕೇಳಿ. "ಗ್ಲ್ಯಾಂಡ್ ದಾರ ಬದಲಿಸಿದ್ದು" ಅಂತ ಕನ್ನಡದಲ್ಲಿ ಬರೆದು ಪಿಡಿಎಫ್ ರಿಪೋರ್ಟ್ ತೆಗೆಸಿ, ಸ್ಕ್ರೀನಿನ ಮೇಲೆ ಸರಿ ಇದ್ದ ಒತ್ತಕ್ಷರ ಪಿಡಿಎಫ್‌ನಲ್ಲಿ ಚೆಲ್ಲಾಪಿಲ್ಲಿ ಆಗುವುದು ಮಾಮೂಲು. ಕೊನೆಗೆ ಎಲ್ಲ ಡೇಟಾ ಸಿಎಸ್‌ವಿ (ಬೇರೆ ಸಾಫ್ಟ್‌ವೇರಿನಲ್ಲೂ ತೆರೆಯುವ ಸಾದಾ ಪಟ್ಟಿ ಫೈಲ್) ಆಗಿ ಹೊರಗೆ ತೆಗೆಸಿ. ಎಕ್ಸೆಲ್‌ನಲ್ಲಿ ನೇರ ತೆರೆದರೆ ಕನ್ನಡದ ಜಾಗದಲ್ಲಿ ಏನೇನೋ ಚಿಹ್ನೆ ಬರಬಹುದು, ಗಾಬರಿ ಬೇಡ, ಅದೇ ಫೈಲನ್ನು ಗೂಗಲ್ ಶೀಟ್ಸ್‌ಗೆ ಹಾಕಿದರೆ ಸಾಮಾನ್ಯವಾಗಿ ಸರಿ ಹೋಗುತ್ತದೆ. ಡೇಟಾ ಹೊರಗೆ ಕೊಡುವುದೇ ಇಲ್ಲ ಅಂದರೆ ಎದ್ದು ಬನ್ನಿ.

9. ವರ್ಷಕ್ಕೊಮ್ಮೆ ಕೂತು ನೋಡುವುದು

ಏಪ್ರಿಲ್‌ನಲ್ಲಿ, ನೀರು ಹಾಯಿಸಿ ಮುಗಿದು ಮಳೆ ಹಿಡಿಯುವ ಮೊದಲು, ಒಂದು ಅರ್ಧ ದಿನ ಇದಕ್ಕೆ ಇಡಿ. ದಾಖಲೆ ಟ್ಯಾಬನ್ನು ಮಷಿನ್ ಪ್ರಕಾರ ವಿಂಗಡಿಸಿ, ಪ್ರತಿಯೊಂದಕ್ಕೂ ರಿಪೇರಿ ಖರ್ಚು ಎಷ್ಟಾಯಿತು, ಸೀಸನ್ ಮಧ್ಯದಲ್ಲಿ ಎಷ್ಟು ಸಲ ನಿಂತಿತು ನೋಡಿ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಜೀಪಿಗೆ ಖರ್ಚು ಜಾಸ್ತಿ ಆಗಿರಬಹುದು, ಆದರೆ ಅದು ಎರಡು ದಿನ ನಿಂತರೆ ಯಾವ ನಷ್ಟವೂ ಇಲ್ಲ. ಪಂಪ್ 2ಕ್ಕೆ ಖರ್ಚು ಕಡಿಮೆ, ಆದರೆ ಹೂವಿನ ನೀರಿನ ನಡುವೆ ಮೂರು ಸಲ ನಿಂತಿದೆ ಅಂದರೆ ಹೊಸದು ತಗೊಳ್ಳಬೇಕಾದ್ದು ಪಂಪೇ.

ಹಾಗೇ ಒಂದು ವರ್ಷದಲ್ಲಿ ಒಮ್ಮೆಯೂ ಯಾರೂ ಮಾಡದೆ ಕೆಂಪಾಗೇ ಉಳಿದ ಸಾಲುಗಳನ್ನು ಹುಡುಕಿ. ಮಾಡದೆಯೂ ಏನೂ ಆಗಿಲ್ಲ, ಮೆಕ್ಯಾನಿಕ್ ಕೂಡ ಬೇಡ ಅಂದರೆ ಆ ಸಾಲು ಅಳಿಸಿ. ಕೆಂಪು ಸಾಲು ಜಾಸ್ತಿ ಆದಷ್ಟೂ ನಿಜವಾದ ಕೆಂಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆಮೇಲೆ ಫೈಲಿನ ಒಂದು ಕಾಪಿ ಮಾಡಿ ವರ್ಷದ ಹೆಸರಿಟ್ಟು ಪಕ್ಕಕ್ಕಿಡಿ, ಮತ್ತು "ಕೆಲಸ" ಟ್ಯಾಬನ್ನು ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರ್ ಹಾಕಿ ಸ್ಟೋರ್ ರೂಮಿನ ಬಾಗಿಲ ಹಿಂದೆ ನೇತು ಹಾಕಿ. ಮಳೆಗಾಲದಲ್ಲಿ ಟವರ್ ಸತ್ತು ಫೋನೂ ಚಾರ್ಜ್ ಇಲ್ಲದ ವಾರ ಒಂದು ಬಂದೇ ಬರುತ್ತದೆ.